ತಣ್ಣಗಿರುವ ಎಂಜಿನ್ನಿನ ಟಿಕ್ ಟಿಕ್: ಸದ್ದು ಯಾವಾಗ ನಿಲ್ಲುತ್ತದೆ?

ನಮಸ್ಕಾರ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಎನ್ನುವ ಎಂಜಿನ್, ಗ್ಯಾರೇಜಿಗೆ ಹೋಗುವಷ್ಟರಲ್ಲಿ ಸುಮ್ಮನಾಗುವುದೇಕೆ ಎಂದು ಹಲವರು ಕೇಳಿದ್ದೀರಿ. ಆಯಿಲ್ ಮಟ್ಟವನ್ನು ನೀವು ಈಗಾಗಲೇ ನೋಡಿದ್ದೀರಿ ಎಂದುಕೊಂಡು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಸದ್ದು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂಬುದನ್ನು ಮೊದಲು ಗಮನಿಸಿ. ಕೆಲವೇ ಸೆಕೆಂಡುಗಳಲ್ಲಿ ನಿಂತರೆ, ರಾತ್ರಿ ಕೆಳಗಿಳಿದ ಆಯಿಲ್ ಹೈಡ್ರಾಲಿಕ್ ಲಿಫ್ಟರುಗಳಿಗೆ (ಆಯಿಲ್ ಒತ್ತಡದ ನೆರವಿನಿಂದ ವಾಲ್ವುಗಳನ್ನು ತೆರೆಸುವ ಭಾಗಗಳು) ಮತ್ತೆ ತುಂಬಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಹಲವು ನಿಮಿಷ ಮುಂದುವರಿದು, ಎಂಜಿನ್ ಕಾದ ಮೇಲೆ ನಿಂತರೆ, ಲೋಹದ ಹಿಗ್ಗುವಿಕೆಯ ಕಡೆಗೆ ನೋಡಬೇಕು.

[ದೃಶ್ಯ: ಎಕ್ಸಾಸ್ಟ್ ಮ್ಯಾನಿಫೋಲ್ಡ್, ಗ್ಯಾಸ್ಕೆಟ್ ಬಳಿ ಕಪ್ಪು ಮಸಿ]

ನನ್ನನ್ನು ಬಹಳ ಸೆಳೆದ ಸಂಗತಿ ಇಲ್ಲಿದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ, ಅಂದರೆ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆಯ, ಸಣ್ಣ ಬಿರುಕಿನಿಂದ ಹೊಗೆ ಚಿಮ್ಮುವ ಸದ್ದು ವಾಲ್ವಿನ ಸದ್ದನ್ನೇ ಹೋಲುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಎರಡು ಸುತ್ತು ತಿರುಗಿದಾಗ ಒಂದು ವಾಲ್ವ್ ಒಮ್ಮೆ ತೆರೆಯುತ್ತದೆ, ಆ ಸಿಲಿಂಡರಿನ ಹೊಗೆಯೂ ಒಮ್ಮೆಯೇ ಹೊರಬರುತ್ತದೆ. ಹಾಗಾಗಿ ನಿಮಿಷಕ್ಕೆ 1200 ಸುತ್ತಿನ ವೇಗದಲ್ಲಿ ಎರಡೂ ಸೆಕೆಂಡಿಗೆ 10 ಬಾರಿ ಬಡಿಯುತ್ತವೆ, ಲಯದಿಂದ ಅವನ್ನು ಬೇರ್ಪಡಿಸಲು ಸಾಧ್ಯವೇ ಇಲ್ಲ. ಕಾದಾಗ ಲೋಹ ಹಿಗ್ಗಿ ಬಿರುಕು ತಾನೇ ಮುಚ್ಚಿಕೊಳ್ಳುವುದರಿಂದ ಮೆಕ್ಯಾನಿಕ್‌ಗೆ ಏನೂ ಕೇಳಿಸುವುದಿಲ್ಲ. ಆದ್ದರಿಂದ ಕಾರನ್ನು ಹಿಂದಿನ ರಾತ್ರಿಯೇ ಅಲ್ಲಿ ಬಿಟ್ಟುಬರುವುದು ಮೇಲು. ಎಂಜಿನ್ ನಿಲ್ಲಿಸಿ, ಒಂದು ಸಿಲಿಂಡರಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರಿನ ಕನೆಕ್ಟರನ್ನು ಬಿಡಿಸಿ, ಸ್ವಲ್ಪ ಹೊತ್ತು ಓಡಿಸಿ ನೋಡುವುದು ಉತ್ತಮ ಪರೀಕ್ಷೆ. ಆ ಸಿಲಿಂಡರಿನಲ್ಲಿ ದಹನವಿಲ್ಲದೆ ಹೊಗೆಯ ಒತ್ತಡ ಇಳಿದಾಗ ಬಿರುಕಿನ ಸದ್ದು ಕುಗ್ಗುತ್ತದೆ, ವಾಲ್ವಿನ ಸದ್ದು ಹಾಗೆಯೇ ಉಳಿಯುತ್ತದೆ. ಪಿಸ್ಟನ್ ಗೋಡೆಗೆ ಬಡಿಯುವ ಸದ್ದೂ ಇದೇ ಪರೀಕ್ಷೆಯಲ್ಲಿ ಕುಗ್ಗುವುದುಂಟು, ಆದರೆ ಅದು ಟಿಕ್ ಎನ್ನುವುದಕ್ಕಿಂತ ಮಂದವಾಗಿ, ಗಡುಸಾಗಿ ಕೇಳಿಸುತ್ತದೆ.

ಇನ್ನು ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಪಿ0301 ಎಂದು ತೋರಿಸಿದರೆ ದೋಷ ಮೊದಲನೆಯ ಸಿಲಿಂಡರಿನದು. ಅದರ ಕಾಯಿಲನ್ನು (ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಎರಡನೆಯದಕ್ಕೆ ಅದಲುಬದಲು ಮಾಡಿದಾಗ ಕೋಡ್ ಪಿ0302 ಆದರೆ ಕಾಯಿಲ್ ಕೆಟ್ಟಿದೆ. ಕೋಡ್ ಬದಲಾಗದಿದ್ದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್‌ಗಳನ್ನು ಪರೀಕ್ಷಿಸಬೇಕು. ಟಿಕ್ ಸದ್ದೂ ಮಿಸ್‌ಫೈರೂ ಒಂದೇ ಸಿಲಿಂಡರಿನಲ್ಲಿದ್ದರೆ, ವಾಲ್ವನ್ನು ಪೂರ್ತಿ ತೆರೆಯಲಾಗದ ಲಿಫ್ಟರನ್ನು ಶಂಕಿಸಿ. ಮೊದಲ ನಿಮಿಷ ಮಾತ್ರ ತಡವರಿಸಿ, ಬಿಳಿ ಹೊಗೆ ಬಿಟ್ಟು, ಕೂಲಂಟ್ ಕಡಿಮೆಯಾಗುತ್ತಿದ್ದರೆ ಎಂಜಿನ್ ಬ್ಲಾಕ್ ಮತ್ತು ಹೆಡ್‌ನ ನಡುವಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಸೋರುತ್ತಿರಬಹುದು. ಚೆಕ್ ಎಂಜಿನ್ ದೀಪ ಮಿಟುಕುತ್ತಿದ್ದರೆ ಮಾತ್ರ ಯಾವ ಪರೀಕ್ಷೆಗೂ ಕಾಯದೆ ಎಂಜಿನ್ ನಿಲ್ಲಿಸಿಬಿಡಿ, ಏಕೆಂದರೆ ಉರಿಯದ ಇಂಧನ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಸೇರಿ ಅದನ್ನು ಸುಟ್ಟುಹಾಕಬಲ್ಲದು.