13 ದಿನದ ಯುದ್ಧ, 5 ವರ್ಷದ ಭಯ

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಫ್ರೀಡಂ ಪಾರ್ಕ್ ನಿಮಗೆಲ್ಲ ಗೊತ್ತು. ಧರಣಿ ಅಂದರೆ ಈಗ ಅಲ್ಲೇ ಅಲ್ವಾ? ಮೊದಲು ಅದು ಸೆಂಟ್ರಲ್ ಜೈಲು. 1975ರ ಜೂನ್ 26ರಂದು ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದೇ ಊರಲ್ಲಿ ಬಂಧನವಾದರು. ಸಂಸದೀಯ ಸಮಿತಿಯ ಸಭೆಗೆಂದು ಬಂದಿದ್ದವರು.

ಈ ಕಥೆ ನೀವು ಬಹಳ ಸಲ ಕೇಳಿದ್ದೀರಿ. ಅದರ ಪಕ್ಕದಲ್ಲೇ ಇರುವ ಇನ್ನೊಂದು ಸಂಗತಿ ಜಾಸ್ತಿ ಜನ ಗಮನಿಸಿಲ್ಲ. ಆ ಬಂಧನದ ಹಿಂದಿನ ರಾತ್ರಿ ತುರ್ತುಪರಿಸ್ಥಿತಿ ಘೋಷಿಸಿದಾಗ, ದೇಶದಲ್ಲಿ ಆಗಲೇ ಒಂದು ತುರ್ತುಪರಿಸ್ಥಿತಿ ಜಾರಿಯಲ್ಲಿತ್ತು!

1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ನಮ್ಮ ವಾಯುನೆಲೆಗಳ ಮೇಲೆ ಬಾಂಬ್ ಹಾಕಿತು. ಹೊರಗಿನ ಆಕ್ರಮಣದ ಕಾರಣ ಕೊಟ್ಟು ಅಂದೇ ತುರ್ತುಪರಿಸ್ಥಿತಿ ಬಂತು. ಅದರಲ್ಲಿ ತಪ್ಪೇನೂ ಇಲ್ಲ. ಸುಮಾರು 1 ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಿದ್ದರು. ಯುದ್ಧದ ನಡುವೆ ಅಮೆರಿಕದ ವಿಮಾನವಾಹಕ ಹಡಗು ಬಂಗಾಳಕೊಲ್ಲಿಯ ಕಡೆ ಹೊರಟಿತು. ಭಯ ಸುಳ್ಳಲ್ಲ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕ್ ಸೇನೆ ಶರಣಾಯಿತು. ಯುದ್ಧ ಮುಗಿಯಿತು. ತುರ್ತುಪರಿಸ್ಥಿತಿ ಮಾತ್ರ ಮುಗಿಯಲಿಲ್ಲ.

ಮನೆಯಲ್ಲಿ ಕಷ್ಟ ಬಂದಾಗ ಒಡವೆ ಅಡವಿಡುತ್ತೇವೆ. ಸಾಲ ತೀರಿದ ಮೇಲೂ ಸಾಹುಕಾರ ಒಡವೆ ಕೊಡದಿದ್ದರೆ? ತುರ್ತುಪರಿಸ್ಥಿತಿಯಲ್ಲಿ ಅಡವಿಟ್ಟ ನಮ್ಮ ಹಕ್ಕುಗಳದ್ದು ಅದೇ ಗತಿ. ಇದು ಇಂದಿರಾ ಗಾಂಧಿಯವರಿಂದ ಶುರುವಾದದ್ದೂ ಅಲ್ಲ. ಚೀನಾ ಯುದ್ಧಕ್ಕೆಂದು 1962ರ ಅಕ್ಟೋಬರ್ 26ರಂದು ಬಂದ ತುರ್ತುಪರಿಸ್ಥಿತಿ ತೆರವಾದದ್ದು 1968ರ ಜನವರಿಯಲ್ಲಿ. ಚೀನಾ ಗುಂಡು ಹಾರಿಸುವುದನ್ನು ನಿಲ್ಲಿಸಿದ್ದು ಒಂದೇ ತಿಂಗಳಲ್ಲಿ. ನಡುವೆ 1965ರ ಯುದ್ಧ ಬಂತು, ಒಪ್ಪೋಣ. ಆದರೂ ಲೆಕ್ಕ ಸರಿಹೋಗುವುದಿಲ್ಲ.

ಯುದ್ಧ ಮುಗಿದ ಮೇಲೆ ಭಯಕ್ಕೆ ಹೊಸ ಹೆಸರು ಬೇಕಾಯಿತು. ಅದೇ 'ವಿದೇಶಿ ಕೈವಾಡ'. ಬೆಲೆ ಏರಿತ್ತು, 1974ರ ಮೇನಲ್ಲಿ ರೈಲ್ವೆ ಮುಷ್ಕರವಾಯಿತು, ಬಿಹಾರದಲ್ಲಿ ಜಯಪ್ರಕಾಶ್ ನಾರಾಯಣರ (ಜೆಪಿ) ಚಳವಳಿ ಎದ್ದಿತು. ಹೊಟ್ಟೆಪಾಡಿನ ಸಿಟ್ಟಿಗೂ ಕಾಣದ ಕೈಯೇ ಕಾರಣ ಅನ್ನುವ ಮಾತು ಶುರುವಾಯಿತು. ದಕ್ಷಿಣ ಅಮೆರಿಕದ ಚಿಲಿಯಲ್ಲಿ ಅಧ್ಯಕ್ಷ ಅಯೆಂದೆ ಸರ್ಕಾರವನ್ನು ಸೇನೆ 1973ರಲ್ಲಿ ಉರುಳಿಸಿತ್ತು, ಅದರ ಹಿಂದೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಇದೆ ಅನ್ನುವ ಮಾತಿತ್ತು; ಹಾಗಾಗಿ ಆ ಮಾತಿಗೆ ಸ್ವಲ್ಪ ತೂಕವೂ ಇತ್ತು. ಪೂರ್ತಿ ಸುಳ್ಳಾಗಿದ್ದರೆ ಜನ ನಂಬುತ್ತಿರಲಿಲ್ಲ.

ಸಂಸದ ಪೀಲೂ ಮೋದಿ ಇದನ್ನು ಗೇಲಿ ಮಾಡಲು 'ನಾನು ಸಿಐಎ ಏಜೆಂಟ್' ಅಂತ ಬರೆದ ಫಲಕ ತೊಟ್ಟು ಸಂಸತ್ತಿಗೆ ಬಂದರು. ಎಲ್ಲರೂ ನಕ್ಕರು. ತುರ್ತುಪರಿಸ್ಥಿತಿಯಲ್ಲಿ ಅವರೂ ಮೀಸಾ ಕೈದಿಯಾದರು. ಮೀಸಾ ಅಂದರೆ ವಿಚಾರಣೆಯಿಲ್ಲದೆ ಜೈಲಿಗೆ ಹಾಕಲು ಬಿಡುವ ಆಂತರಿಕ ಭದ್ರತಾ ಕಾಯ್ದೆ. ಆ ಮೀಸಾ ಕಾಯ್ದೆ ಹುಟ್ಟಿದ್ದು 1971ರಲ್ಲಿ, ಗಡಿಯಲ್ಲಿ ಬಿಸಿ ಏರುತ್ತಿದ್ದಾಗ.

ಇನ್ನು 1975ರ ಆ ರಾತ್ರಿ. ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟ್ ಪ್ರಧಾನಿಯ ಆಯ್ಕೆಯನ್ನೇ ರದ್ದು ಮಾಡಿತ್ತು. ಅಪಾಯ ಇದ್ದದ್ದು ಕುರ್ಚಿಗೆ. ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಸಹಿ ಹಾಕಿದರು. ದೆಹಲಿಯ ಪತ್ರಿಕಾ ಕಚೇರಿಗಳ ಕರೆಂಟ್ ಹೋಯಿತು. ಮಂತ್ರಿಗಳನ್ನು ಕರೆದು ವಿಷಯ ಹೇಳಿದ್ದು ಮರುದಿನ ಬೆಳಗ್ಗೆ 6ಕ್ಕೆ. ಸಹಿ ಆದ ಮೇಲೆ ಸಂಪುಟ ಸಭೆ! ಆಮೇಲೆ ರೇಡಿಯೋದಲ್ಲಿ ಪ್ರಧಾನಿ, ಗಾಬರಿಪಡುವಂಥದ್ದೇನೂ ಇಲ್ಲ ಅಂದರು. ಈ ಸಲದ ಕಾರಣ 'ಆಂತರಿಕ ಕ್ಷೋಭೆ'. ಹೊರಗಿನ ಶತ್ರುವಿನ ಹೆಸರಲ್ಲಿ ಕಲಿತ ಪಾಠ ಒಳಗಿನವರ ಮೇಲೆ ಪ್ರಯೋಗವಾಯಿತು.

1977ರ ಮಾರ್ಚಿನಲ್ಲಿ ಇಂದಿರಾ ಸೋತರು. ಆಗ ಹಂಗಾಮಿ ರಾಷ್ಟ್ರಪತಿ ನಮ್ಮ ಬಿ. ಡಿ. ಜತ್ತಿ. ಮಾರ್ಚ್ 21ಕ್ಕೆ 1975ರ ಘೋಷಣೆ ಹೋಯಿತು. ಹಳೆಯ 1971ರದ್ದು ಇನ್ನೂ 6 ದಿನ ಉಳಿದಿತ್ತು. ಹೊಸ ಸರ್ಕಾರ ಬಂದ ಮೇಲೆ, ಮಾರ್ಚ್ 27ಕ್ಕೆ ಅದನ್ನೂ ತೆಗೆದರು.

ಮುಂದಿನ ವರ್ಷ ಸಂವಿಧಾನಕ್ಕೆ 44ನೇ ತಿದ್ದುಪಡಿ ಬಂತು. ಸಂಪುಟದ ತೀರ್ಮಾನ ಬರಹದಲ್ಲಿ ಬಾರದೆ ರಾಷ್ಟ್ರಪತಿ ತುರ್ತುಪರಿಸ್ಥಿತಿ ಘೋಷಿಸುವಂತಿಲ್ಲ. ಅದು ಮುಂದುವರಿಯಬೇಕಾದರೆ 6 ತಿಂಗಳಿಗೊಮ್ಮೆ ಸಂಸತ್ತು ಒಪ್ಪಬೇಕು. ಮೊದಲು ಒಂದು ಸಲ ಒಪ್ಪಿದರೆ ಸಾಕಿತ್ತು.