ಈಡಿನ ಸದ್ದು, ಈಡುಗಾರನ ಕಿವಿ

(ಮಧುಗಿರಿಯಲ್ಲಿ ಬೆಳೆ ರಕ್ಷಣೆಯ ಕೋವಿ ಪರವಾನಗಿ ಇರುವ ರೈತರು ಮತ್ತು ರೈಫಲ್ ಕಲಿಯುವ ಯುವಜನರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

12 ಬೋರಿನ ಕೋವಿಯಿಂದ ಒಂದು ಈಡು ಹೊಡೆದರೆ ಹೊಡೆದವನ ಕಿವಿಯ ಬಳಿ ಸದ್ದು ಸುಮಾರು 150ರಿಂದ 160 ಡೆಸಿಬೆಲ್ ಮುಟ್ಟುತ್ತದೆ. ದೊಡ್ಡ ಪ್ರಾಣಿಗಳ ಬೇಟೆಗೆ ಹೊರದೇಶಗಳಲ್ಲಿ ಬಳಸುವ .308 ರೈಫಲ್‌ನಲ್ಲಿ ಅದು 165ರ ಆಸುಪಾಸಿಗೆ ಏರುತ್ತದೆ. ಕಾರ್ಖಾನೆಗಳ ಸುರಕ್ಷತಾ ನಿಯಮಗಳು ಇಂಥ ದಿಢೀರ್ ಸದ್ದಿಗೆ ಹಾಕಿರುವ ಮೇಲ್ಮಿತಿ 140. ಅದನ್ನು ದಾಟಿದ ಸದ್ದು ಎಷ್ಟು ಹೊತ್ತು ಇತ್ತು ಎಂಬುದು ಮುಖ್ಯವಲ್ಲ, ಒಂದೇ ಈಡು ಸಾಕು. ಡೆಸಿಬೆಲ್ ಲೆಕ್ಕ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. 20 ಡೆಸಿಬೆಲ್ ಏರಿದರೆ ಗಾಳಿಯ ಒತ್ತಡ ಹತ್ತು ಪಟ್ಟಾಗುತ್ತದೆ. ಹಾಗಾಗಿ 160 ಅಂದರೆ 140ಕ್ಕಿಂತ ಸ್ವಲ್ಪ ಹೆಚ್ಚು ಎಂದುಕೊಳ್ಳಬೇಡಿ.

ಈ ಸದ್ದನ್ನು ತಗ್ಗಿಸಲು ನಳಿಗೆಯ ಮೂತಿಗೆ ಹಾಕುವ ಕೊಳವೆಯೇ ಸಪ್ರೆಸರ್. ಸಿನಿಮಾದಲ್ಲಿ ಕೊಲೆಗಾರನ ಪಿಸ್ತೂಲಿಗೆ ಹಾಕುವ ಸೈಲೆನ್ಸರ್ ಎಂದು ನಾವೆಲ್ಲ ನೋಡಿರುವುದು ಇದನ್ನೇ. ಅದರ ಬಗ್ಗೆ ಮಾತಾಡುವ ಮೊದಲು ಕಿವಿಯ ವಿಷಯ ಹೇಳಬೇಕು, ಯಾಕೆಂದರೆ ಉಳಿದ ಕಾರಣಗಳೆಲ್ಲ ಇದರ ಹಿಂದೆ ಬರುವಂಥವು.

ಒಳಗಿವಿಯ ಸುರುಳಿಯಲ್ಲಿ ಸದ್ದನ್ನು ಹಿಡಿಯುವ ಕೂದಲು ಕೋಶಗಳು ಒಂದೊಂದು ಕಿವಿಗೆ ಹದಿನೈದು ಸಾವಿರದಷ್ಟಿವೆ. ಹುಟ್ಟುವಾಗ ಬಂದದ್ದಷ್ಟೇ, ಸತ್ತ ಕೋಶ ಮತ್ತೆ ಚಿಗುರುವುದಿಲ್ಲ. ಕೋವಿಯ ಸದ್ದಿಗೆ ಮೊದಲು ಹೋಗುವುದು 3000ದಿಂದ 6000 ಹರ್ಟ್ಸ್‌ನ ಸದ್ದನ್ನು ಹಿಡಿಯುವ ಕೋಶಗಳು. ಸ, ಶ, ತ, ಕ ಇಂಥ ವ್ಯಂಜನಗಳನ್ನು ಬಿಡಿಸಿ ಕೇಳಲು ಬೇಕಾದ ಭಾಗ ಅದು. ಆದ್ದರಿಂದ ಕಿವಿ ಕೆಟ್ಟವನಿಗೆ ಎದುರಿನವರು ಮಾತಾಡಿದ್ದು ಕೇಳುತ್ತದೆ, ಏನೆಂದರು ಎಂದು ತಿಳಿಯುವುದಿಲ್ಲ. ಹೆಂಗಸರ ದನಿ, ಮಕ್ಕಳ ದನಿ ಮೊದಲು ಕೈತಪ್ಪುತ್ತವೆ. ಇನ್ನೊಂದು ಗಮನಿಸಿ: ಬಲ ಹೆಗಲಿಗೆ ಕೋವಿ ಆನಿಸುವವರಿಗೆ ಎಡಗಿವಿಯೇ ಹೆಚ್ಚು ಕೆಡುತ್ತದೆ. ಕೆನ್ನೆಯನ್ನು ಕೋವಿಯ ಹಿಂಬದಿಯ ಹಿಡಿಗೆ ಒತ್ತಿ ಗುರಿ ನೋಡುವಾಗ ಎಡಗಿವಿ ನಳಿಗೆಯ ಬಾಯಿಯ ಕಡೆಗೆ ತೆರೆದುಕೊಂಡಿರುತ್ತದೆ, ಬಲಗಿವಿ ತಲೆಯ ಮರೆಯಲ್ಲಿರುತ್ತದೆ. ಹಳೆಯ ಕೋವಿಗಾರರು ಮಾತಾಡುವವರ ಕಡೆ ಯಾವ ಕಿವಿ ತಿರುಗಿಸುತ್ತಾರೆ ನೋಡಿ, ಗೊತ್ತಾಗುತ್ತದೆ.

ಈಡಿನ ಸದ್ದು ಒಂದೇ ಸದ್ದಲ್ಲ. ಗುಂಡು ಹೊರಬಿದ್ದ ಕ್ಷಣ ಅದರ ಬೆನ್ನಿಗೆ ಬರುವ ಸುಡು ಅನಿಲ ನೂರಾರು ವಾಯುಭಾರದ ಒತ್ತಡದಲ್ಲಿ ಬಯಲಿಗೆ ಸಿಡಿಯುತ್ತದಲ್ಲ, ಅದು ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು. ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುತ್ತಿದ್ದರೆ ದಾರಿಯುದ್ದಕ್ಕೂ ಚಾಟಿ ಬೀಸಿದ ಹಾಗೆ 'ಛಟ್' ಎನ್ನುತ್ತದೆ, ಅದು ಎರಡನೆಯದು. ಕೋವಿಯ ಬಿಡಿಭಾಗಗಳು ಬಡಿದುಕೊಳ್ಳುವುದು ಮೂರನೆಯದು. ಸಪ್ರೆಸರ್‌ಗೆ ಸಾಧ್ಯವಾಗುವುದು ಮೊದಲನೆಯದನ್ನು ತಗ್ಗಿಸುವುದು ಮಾತ್ರ. ಕೊಳವೆಯೊಳಗೆ ಸಾಲಾಗಿ ಕೋಣೆಗಳಿರುತ್ತವೆ, ನಡುವೆ ಬ್ಯಾಫಲ್ ಎಂಬ ತಡೆಗಳು. ಗುಂಡು ನಡುವಿನ ತೂತಿನಲ್ಲಿ ಮುಟ್ಟದೆ ಹಾದುಹೋಗುತ್ತದೆ, ಅನಿಲ ಕೋಣೆಯಿಂದ ಕೋಣೆಗೆ ತಿರುಗಿ ಹರಡಿ ತಣಿದು ನಿಧಾನವಾಗಿ ಹೊರಬರುತ್ತದೆ. ಬೈಕಿನ ಸೈಲೆನ್ಸರ್ ಒಳಗೂ ಇದೇ ತತ್ವ. ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್ ಇದಕ್ಕೆ 1909ರಲ್ಲಿ ಪೇಟೆಂಟ್ ಪಡೆದರು, ಎಂಜಿನ್‌ಗಳ ಸದ್ದು ತಗ್ಗಿಸುವ ಕೆಲಸವನ್ನೂ ಮಾಡಿದರು. ಮ್ಯಾಕ್ಸಿಮ್ ಮಷಿನ್‌ಗನ್ ಕಂಡುಹಿಡಿದ ಅವರ ತಂದೆಯ ಕಿವಿ ಕೋವಿಗಳ ಸದ್ದಿಗೇ ಕೆಟ್ಟಿತ್ತು.

ತಗ್ಗುವುದೆಷ್ಟು? ಒಳ್ಳೆಯ ಸಪ್ರೆಸರ್ 20ರಿಂದ 35 ಡೆಸಿಬೆಲ್ ಇಳಿಸುತ್ತದೆ. 165 ಇದ್ದದ್ದು 135ಕ್ಕೆ ಬರುತ್ತದೆ. 135 ಮೌನವಲ್ಲ, ಹತ್ತಿರ ನಿಂತವನು ಬೆಚ್ಚಿಬೀಳುವ ಸದ್ದೇ. ಆದರೆ 140ರ ಗೆರೆಯ ಈಚೆಗೆ ಬಂತು. ಬೇಟೆಗಾರ ಇದಕ್ಕೆ ದುಡ್ಡು ಕೊಡುವುದು ಮುಖ್ಯವಾಗಿ ಆ ಕಾರಣಕ್ಕೆ. ಮೌನಕ್ಕೆ ಹತ್ತಿರ ಹೋಗಬಹುದಾದದ್ದು .22ರಂಥ ಸಣ್ಣ ರೈಫಲ್, ಅದೂ ಶಬ್ದಕ್ಕಿಂತ ನಿಧಾನವಾದ, ಸೆಕೆಂಡಿಗೆ 320 ಮೀಟರ್‌ನಂಥ ತೋಟಾ ಹಾಕಿದಾಗ. 20 ಡಿಗ್ರಿ ತಾಪದಲ್ಲಿ ಶಬ್ದದ ವೇಗ 343 ಮೀಟರ್. ಪಾವಗಡದ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಇದ್ದರೆ 354ರ ಹತ್ತಿರ ಆಗುತ್ತದೆ.

ಹಾಗಾದರೆ ಕಿವಿಗೆ ಪ್ಲಗ್ ಹಾಕಿಕೊಂಡರೆ ಸಾಲದೆ ಎಂದು ಕೇಳುತ್ತೀರಿ. ಗುಂಡು ಹಾರಿಸುವ ಅಂಕಣದಲ್ಲಿ ಸಾಕು. ಕಾಡಿನಲ್ಲಿ ಬೇಟೆಗಾರನಿಗೆ ತರಗೆಲೆ ಸರಿದ ಸದ್ದು ಕೇಳಬೇಕು, ಜೊತೆಗಾರ ಎಲ್ಲಿದ್ದಾನೆಂದು ತಿಳಿಯಬೇಕು. ಕಿವಿ ಮುಚ್ಚಿಕೊಂಡು ನಡೆಯುವವನು ಗುಂಪಿಗೇ ಅಪಾಯ. ಜೊತೆಗಿರುವ ನಾಯಿಗಂತೂ ಪ್ಲಗ್ ಹಾಕಲಾಗದು. ಜರ್ಮನಿಯಲ್ಲಿ 2020ರಿಂದ ಬೇಟೆ ಪರವಾನಗಿ ಇದ್ದವರು ಉದ್ದ ನಳಿಗೆಯ ಕೋವಿಗೆ ಸಪ್ರೆಸರ್ ಇಟ್ಟುಕೊಳ್ಳಬಹುದು, ಅಲ್ಲಿ ಗೆದ್ದದ್ದು ಕಿವಿಯ ಆರೋಗ್ಯದ ವಾದ. ಫಿನ್ಲೆಂಡ್, ನಾರ್ವೆ, ನ್ಯೂಜಿಲೆಂಡ್‌ಗಳಲ್ಲಿ ಅದು ಬೇಟೆಗಾರನ ಮಾಮೂಲು ಸರಂಜಾಮು. ಅಮೆರಿಕದ 1934ರ ಕಾನೂನು ಒಂದೊಂದಕ್ಕೂ 200 ಡಾಲರ್ ತೆರಿಗೆ ಹಾಕಿತ್ತು. 2026ರ ಜನವರಿ 1ರಿಂದ ತೆರಿಗೆ ಸೊನ್ನೆಯಾಗಿದೆ, ನೋಂದಣಿ ಮಾತ್ರ ತಪ್ಪಿಲ್ಲ.

ಕಿವಿಯ ನಂತರದ ಲಾಭ ಹೆಗಲಿಗೆ. ಅನಿಲ ಒಮ್ಮೆಲೆ ಮುಂದಕ್ಕೆ ನುಗ್ಗುವುದು ತಪ್ಪುವುದರಿಂದ, ಮೂತಿಯಲ್ಲಿ 300ರಿಂದ 500 ಗ್ರಾಂ ಭಾರ ಕೂಡುವುದರಿಂದ ಕೋವಿಯ ಒದೆತ ಇಳಿಯುತ್ತದೆ, ಮೂತಿ ಮೇಲೇಳುವುದೂ ಕಡಿಮೆಯಾಗುತ್ತದೆ. ಕಲಿಯುವವರಿಗೆ ಇದು ದೊಡ್ಡ ವಿಷಯ. ಸದ್ದಿಗೂ ಒದೆತಕ್ಕೂ ಹೆದರಿದವನು ಕೋವಿಯ ಕುದುರೆ (ಟ್ರಿಗರ್) ಎಳೆಯುವ ಮುಂಚೆಯೇ ಕಣ್ಣು ಮುಚ್ಚಿ ಹೆಗಲು ಬಿಗಿಯುತ್ತಾನೆ, ಗುಂಡು ಕೆಳಗೆ ಬೀಳುತ್ತದೆ. ಒದೆತಕ್ಕೆಂದು ಮಜಲ್ ಬ್ರೇಕ್ ಹಾಕುವುದೂ ಉಂಟು. ಅದು ಅನಿಲವನ್ನು ಪಕ್ಕಕ್ಕೆ ತಿರುಗಿಸಿ ಹೊಡೆದವನ ಕಿವಿಗೂ ಪಕ್ಕದವನ ಕಿವಿಗೂ ಇನ್ನಷ್ಟು ಕೆಡುಕು ಮಾಡುತ್ತದೆ. ಕಿವಿ ಬೇಕೆನ್ನುವವರಿಗೆ ಅದು ಸಲ್ಲದು.

ಪ್ರಾಣಿಯ ಕಡೆಯಿಂದ ನೋಡಿ. 150 ಮೀಟರ್ ದೂರದ ಜಿಂಕೆಗೆ ರೈಫಲ್ ಗುಂಡು ಸುಮಾರು 0.2 ಸೆಕೆಂಡಿನಲ್ಲಿ ಮುಟ್ಟುತ್ತದೆ, ಮೂತಿಯ ಸದ್ದು ಮುಟ್ಟಲು 0.44 ಸೆಕೆಂಡು ಬೇಕು. ಆ ಸದ್ದು ತಗ್ಗಿದರೆ ಗುಂಪಿನ ಉಳಿದ ಪ್ರಾಣಿಗಳಿಗೆ ಎದ್ದು ಕೇಳುವುದು ಗುಂಡಿನ ದಾರಿಯ 'ಛಟ್', ಹೊಡೆದವನ ದಿಕ್ಕು ಸುಲಭಕ್ಕೆ ಗೊತ್ತಾಗುವುದಿಲ್ಲ. ಗುಂಪು ದಿಕ್ಕಾಪಾಲಾಗದೆ ನಿಂತರೆ, ಗಾಯಗೊಂಡದ್ದನ್ನು ನರಳಿಸದೆ ಮುಗಿಸಲು ಎರಡನೆಯ ಈಡಿಗೆ ಅವಕಾಶ ಸಿಗುತ್ತದೆ. ಬ್ರಿಟನ್ನಿನಂಥ ಕಡೆ ಊರ ಮಗ್ಗುಲಲ್ಲೇ ರಾತ್ರಿ ಮೊಲ, ನರಿ ನಿಯಂತ್ರಿಸುವವರಿಗೆ ನೆರೆಹೊರೆಯ ನಿದ್ದೆಯೂ ಒಂದು ಕಾರಣ.

ಇನ್ನು ತೊಂದರೆಗಳು, ಸಣ್ಣವಲ್ಲ. ನಳಿಗೆಯ ಮೂತಿಗೆ ಭಾರ ಕೂಡಿದಾಗ ನಳಿಗೆ ಕಂಪಿಸುವ ರೀತಿ ಬದಲಾಗಿ ಗುಂಡು ಬೀಳುವ ಜಾಗವೇ ಸರಿಯುತ್ತದೆ. ಹಾಕಿದ ಮೇಲೊಮ್ಮೆ, ತೆಗೆದ ಮೇಲೊಮ್ಮೆ ಗುರಿ ಸರಿಮಾಡಿಕೊಳ್ಳಲೇಬೇಕು. ಈಡುಗಳ ಅದುರಿಗೆ ಥ್ರೆಡ್ ಸಡಿಲವಾಗುತ್ತದೆ. ಸಡಿಲವಾದ ಕೊಳವೆ ಸ್ವಲ್ಪ ಓರೆಯಾದರೂ ಗುಂಡು ಒಳಗಿನ ತಡೆಗೆ ತಾಗಬಹುದು, ಕೊಳವೆ ಹರಿದು ಹಾರಬಹುದು. ಬಿಸಿ ಇನ್ನೊಂದು ಕಾಟ: ಕೆಲವೇ ಈಡುಗಳ ನಂತರ ಮುಟ್ಟಿದರೆ ಬೊಬ್ಬೆ ಏಳುತ್ತದೆ, ಮೇಲೇಳುವ ಬಿಸಿಗಾಳಿ ದುರ್ಬೀನಿನ ಮುಂದೆ ನೋಟವನ್ನು ಅಲುಗಿಸುತ್ತದೆ, ಅದಕ್ಕೇ ದಪ್ಪ ಬಟ್ಟೆಯ ಕವಚ ಸುತ್ತುತ್ತಾರೆ. ತನ್ನಿಂತಾನೇ ತೋಟಾ ತುಂಬಿಕೊಳ್ಳುವ ಕೋವಿಯಲ್ಲಿ ಅನಿಲ ಹಿಂದಕ್ಕೆ ತಳ್ಳಿ ಮುಖಕ್ಕೆ ರಾಚುತ್ತದೆ, ಮಸಿ ಬೇಗ ಕಟ್ಟುತ್ತದೆ. ಮದ್ದು ಉರಿದಾಗ ನೀರಾವಿಯೂ ಹುಟ್ಟುತ್ತದೆ. ಕೊಳವೆ ತೆಗೆಯದೆ ಕೋವಿಯನ್ನು ಬೀರುವಿನಲ್ಲಿ ನಿಲ್ಲಿಸಿದರೆ ಆ ತೇವ ಇಳಿದು ನಳಿಗೆಗೆ ತುಕ್ಕು ಹಿಡಿಯುತ್ತದೆ. ಬಳಸಿದ ದಿನವೇ ತೆಗೆದು ಒಣಗಿಸುವುದು ಅಲ್ಲಿಯವರ ಕ್ರಮ. .22ರ ಸೀಸದ ಗುಂಡು ಒಳಗೆ ಸೀಸ ಮೆತ್ತುತ್ತದೆ, ಅದನ್ನು ಕೈಗವಸಿಲ್ಲದೆ, ಒಣಗಿದ್ದಾಗಲೇ ಕೆರೆದರೆ ವಿಷದ ಧೂಳು. ಚರೆ ಹೊಡೆಯುವ ಕೋವಿಗೂ ಸಪ್ರೆಸರ್ ಇದೆ, ಆದರೆ ಎಷ್ಟು ದೊಡ್ಡದೆಂದರೆ ಬಳಸುವವರು ಅಪರೂಪ.

ನಮ್ಮಲ್ಲಿ? ಶಸ್ತ್ರಾಸ್ತ್ರ ಕಾಯ್ದೆ 1959ರ 2ನೇ ಕಲಂ ಕೋವಿಯ ಸದ್ದು ಅಥವಾ ಬೆಂಕಿಹೊಳಪು ತಗ್ಗಿಸಲು ಮಾಡಿದ ಸಾಧನವನ್ನೇ ಬಂದೂಕು ಎಂದು ಎಣಿಸುತ್ತದೆ. ಕೋವಿಗೆ ಹಾಕದೆ ಬರೀ ಕೊಳವೆ ಇಟ್ಟುಕೊಂಡರೂ ಅಕ್ರಮ ಬಂದೂಕು ಇಟ್ಟುಕೊಂಡಂತೆ. ನಿಮ್ಮ ಬೆಳೆ ರಕ್ಷಣೆ ಪರವಾನಗಿಯಲ್ಲಿ ಅದಕ್ಕೆ ಜಾಗವಿಲ್ಲ. ಆ ಪರವಾನಗಿ ಪ್ರಾಣಿ ಕೊಲ್ಲುವ ಅಪ್ಪಣೆಯೂ ಅಲ್ಲ: ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 9ನೇ ಕಲಂ ಬೇಟೆಯನ್ನು ನಿಷೇಧಿಸಿದೆ, ವಿನಾಯಿತಿಗೆ 11ನೇ ಕಲಮಿನಡಿ ಅಧಿಕಾರಿಯ ಲಿಖಿತ ಆದೇಶ ಬೇಕು. ಈ ನಿಷೇಧ ಸರಿ ಎಂದೇ ನನ್ನ ಖಚಿತ ಅಭಿಪ್ರಾಯ. ನಮ್ಮದೇ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಮೀಸಲು ಬಯಲಿನಲ್ಲಿ ಕೃಷ್ಣಮೃಗಗಳಿವೆ. ಬಟಾಬಯಲಿನಲ್ಲಿ ರಾತ್ರಿ ಕಾವಲಿನವನಿಗೆ ಕಳ್ಳಬೇಟೆಯ ಸುಳಿವು ಕೊಡುವುದು ಈಡಿನ ಸದ್ದೇ. ಬೇಟೆಗೆ ಅನುಮತಿ ಇರುವ ದೇಶದ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ. ನಮ್ಮ ಶೇಂಗಾ ಹೊಲಕ್ಕೆ ಹಂದಿ ಬಂದಾಗ ಗಾಳಿಗೆ ಹೊಡೆಯುವ ಈಡಿನಲ್ಲಿ ಬೇಕಾದದ್ದೂ ಸದ್ದೇ. ಮೂತಿಗೆ ಏನನ್ನಾದರೂ ಕಟ್ಟಿ ನೋಡುವ ಪ್ರಯೋಗ ಯಾರೂ ಮಾಡಬೇಡಿ, ಅಪರಾಧವೂ ಹೌದು, ಕೈ ಕಣ್ಣು ಹೋಗುವ ದಾರಿಯೂ ಹೌದು.

ಹಾಗಾಗಿ ಕಿವಿಯನ್ನು ಕಿವಿಯಲ್ಲೇ ಕಾಯಬೇಕು. ಹತ್ತಿ ತುರುಕಿದರೆ ಆಗದು, ಅದು ಈ ಸದ್ದನ್ನು ತಡೆಯುವುದಿಲ್ಲ. ಫೋಮ್ ಪ್ಲಗ್ ತೆಗೆದುಕೊಳ್ಳಿ, ಎಷ್ಟು ಸದ್ದು ತಗ್ಗಿಸುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿರುವ ಅಂಕಿ (NRR) 30ರ ಹತ್ತಿರವಿರಲಿ. ಕೈ ತೊಳೆದು, ಬೆರಳಿನಲ್ಲಿ ಹೊಸೆದು ಸಣ್ಣ ಬತ್ತಿಯಷ್ಟು ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ತುದಿ ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಆಗ ಕಿವಿಯ ದಾರಿ ನೇರವಾಗುತ್ತದೆ. ಒಳಗೆ ತಳ್ಳಿ 30 ಸೆಕೆಂಡು ಬೆರಳಿನಿಂದ ಒತ್ತಿ ಹಿಡಿಯಿರಿ, ಅಷ್ಟರಲ್ಲಿ ಅದು ಉಬ್ಬಿ ತುಂಬಿಕೊಳ್ಳುತ್ತದೆ. ಎದುರಿನಿಂದ ನೋಡಿದವರಿಗೆ ಪ್ಲಗ್‌ನ ತುದಿ ಹೊರಗೆ ಚಾಚಿಕೊಂಡು ಕಂಡರೆ ಅದು ಒಳಗೆ ಹೋಗಿಲ್ಲ ಎಂದರ್ಥ. ತೆಗೆದು ಮತ್ತೆ ಹಾಕಿ. ರೈಫಲ್ ಅಭ್ಯಾಸಕ್ಕೆ ಮೇಲೆ ಇಯರ್‌ಮಫ್ ಕೂಡ ಹಾಕಿ. ಎರಡರ ಅಂಕಿ ಕೂಡುವುದಿಲ್ಲ, ದೊಡ್ಡ ಅಂಕಿಗೆ ಸುಮಾರು 5 ಮಾತ್ರ ಸೇರುತ್ತದೆ, ಆದರೂ ಆ ಐದು ಬೇಕು. ಕನ್ನಡಕದ ಕಡ್ಡಿ ದಪ್ಪಗಿದ್ದರೆ ಮಫ್ ಅಂಚಿನಲ್ಲಿ ಸಂದು ಬೀಳುತ್ತದೆ, ತೆಳ್ಳನೆಯ ಕಡ್ಡಿಯದು ಬಳಸಿ.

ಹೊಲದಲ್ಲಿ ಈಡು ಹೊಡೆಯುವಾಗ ಪಕ್ಕದಲ್ಲೋ ನಳಿಗೆಯ ಬಾಯಿಗೆ ಮುಂದಾಗಿಯೋ ಮಕ್ಕಳನ್ನು ನಿಲ್ಲಿಸಬೇಡಿ; ಅಲ್ಲಿ ಸದ್ದು ಹೊಡೆದವನಿಗಿಂತ ಹೆಚ್ಚು. ಅವರು ಬೆನ್ನ ಹಿಂದೆ ನಾಲ್ಕಾರು ಮಾರು ದೂರದಲ್ಲಿ, ಕಿವಿ ಮುಚ್ಚಿಕೊಂಡಿರಲಿ. ತಗಡಿನ ಶೆಡ್ಡಿನ ಕೆಳಗೆ, ಬಂಡೆಗಳ ಸಂದಿಯಲ್ಲಿ ಹೊಡೆಯಬೇಡಿ, ಮರುದನಿ ಕಿವಿಗೇ ವಾಪಸು ಬರುತ್ತದೆ. ಈಡಿನ ಮೇಲೆ ಕಿವಿ ಗುಂಯ್‌ಗುಟ್ಟಿ ಮರುದಿನವೂ ನಿಲ್ಲದಿದ್ದರೆ, ಅಥವಾ ಒಂದು ಕಡೆ ಮಂದವಾದರೆ, ಅದೇ ದಿನ ಕಿವಿ ವೈದ್ಯರ ಹತ್ತಿರ ಹೋಗಿ ಆಡಿಯೋಗ್ರಾಂ (ಕೇಳುವ ಶಕ್ತಿಯನ್ನು ಗೆರೆಯಾಗಿ ತೋರಿಸುವ ಪರೀಕ್ಷೆ) ಮಾಡಿಸಿ, 4000 ಹರ್ಟ್ಸ್ ಜಾಗದಲ್ಲಿ ಗೆರೆ ಕುಸಿದಿದೆಯೇ ಕೇಳಿ. ಈ ಪೆಟ್ಟಿಗೆ ಚಿಕಿತ್ಸೆ ಎಂಬುದಿದ್ದರೆ ಅದು ಮೊದಲ ಕೆಲವು ದಿನಗಳಲ್ಲೇ ಶುರುವಾಗಬೇಕು.