ಉಳಿದದ್ದು ಮನೆಯ ಟೇಪಿನಲ್ಲಿ
(ಕಾಸರಗೋಡಿನಲ್ಲಿ ಮಾಡಿದ ಉಪನ್ಯಾಸ)

‘ಡಾಕ್ಟರ್ ಹೂ’ ಅಂದ ಕೂಡಲೇ ಹಿಂದಿನ ಸಾಲಿನಿಂದ ‘ಯಾವ ಡಾಕ್ಟರು, ಮಂಗಳೂರಿನವರಾ?’ ಅಂತ ಕೇಳಿಸಿತು. ಕಾಸರಗೋಡಿನವರಿಗೆ ಡಾಕ್ಟರೆಂದರೆ ಮಂಗಳೂರೇ, ತಪ್ಪಲ್ಲ. ಇವನು ಬೇರೆ ಗ್ರಹದವನು. ನೀಲಿ ಪೊಲೀಸ್ ಪೆಟ್ಟಿಗೆಯೊಳಗೆ ಕೂತು ಕಾಲದಲ್ಲಿ ಅಲೆಯುವವನು. ಹೂ ಅಂದರೆ ಮಲ್ಲಿಗೆಯೂ ಅಲ್ಲ, ‘ಯಾರು’ ಅಂತ. ಬ್ರಿಟನ್ನಿನ ಬಿಬಿಸಿ ಟಿವಿಯಲ್ಲಿ ಈ ಧಾರಾವಾಹಿಯ ಮೊದಲ ಕಂತು ಬಂದದ್ದು 1963ರ ನವೆಂಬರ್ 23ಕ್ಕೆ. ಹಿಂದಿನ ದಿನವೇ ಕೆನಡಿಯವರ ಕೊಲೆಯಾಗಿತ್ತು, ಮರುವಾರ ಅದೇ ಕಂತನ್ನು ಇನ್ನೊಮ್ಮೆ ತೋರಿಸಬೇಕಾಯಿತು. ನಿರ್ದೇಶಿಸಿದ ವಾರಿಸ್ ಹುಸೇನ್ ಹುಟ್ಟಿದ್ದು ನಮ್ಮ ಲಖನೌದಲ್ಲಿ.

1966ರಲ್ಲಿ ನಾಯಕನಟ ವಿಲಿಯಂ ಹಾರ್ಟ್ನೆಲ್ ಆರೋಗ್ಯ ಕೈಕೊಟ್ಟಿತು. ಪಾತ್ರವನ್ನು ಸಾಯಿಸಲಿಲ್ಲ. ಡಾಕ್ಟರನಿಗೆ ಮೈ ಬದಲಾಗುತ್ತದೆ ಅಂತ ಮಾಡಿ ಪ್ಯಾಟ್ರಿಕ್ ಟ್ರೌಟನ್ನನ್ನು ತಂದರು. ಬೇರೆ ಊರಲ್ಲಾದರೆ ಇದನ್ನು ಅರ್ಧ ಗಂಟೆ ವಿವರಿಸಬೇಕಿತ್ತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರಿಗೆ ಬೇಡ. ಒಂದೇ ಪಾತ್ರವನ್ನು ನಡುರಾತ್ರಿವರೆಗೆ ಒಬ್ಬ, ಆಮೇಲೆ ಇನ್ನೊಬ್ಬ ಮಾಡುವುದನ್ನು ನೋಡಿ ಬೆಳೆದವರು ನೀವು.

ನನಗೆ ಕೊಟ್ಟ ವಿಷಯ ‘ಅಭಿಮಾನ’. ಕಂತುಗಳ ಹೆಸರು ಬಾಯಿಪಾಠ ಒಪ್ಪಿಸುವುದು, ಡಾಕ್ಟರನ ಹಾಗೆ ಉದ್ದ ಮಫ್ಲರು ಸುತ್ತಿಕೊಳ್ಳುವುದು ಅಭಿಮಾನದ ಸಿಂಗಾರ ಅಷ್ಟೆ. ಅಭಿಮಾನಿಯ ಕೆಲಸ ಕಾಪಿಡುವುದು. ಯಾಕೆಂದರೆ ಮಾಡಿದವರು ಕಾಪಿಡುವುದಿಲ್ಲ.

ಆಗಿನ ವಿಡಿಯೋ ಟೇಪು ಎರಡಿಂಚು ಅಗಲ, ಬೆಲೆ ವಿಪರೀತ, ಅಳಿಸಿ ಮತ್ತೆ ಬಳಸಬಹುದು. ಕಲಾವಿದರ ಸಂಘದ ಕರಾರಿನಿಂದ ಮರುಪ್ರಸಾರ ಕಷ್ಟ. ಬಣ್ಣ ಬಂದ ಮೇಲೆ ಕಪ್ಪುಬಿಳುಪನ್ನು ಕೊಳ್ಳುವವರಿಲ್ಲ. ಹೀಗೆ ಮೊದಲ ಆರು ಸರಣಿಗಳ 253 ಕಂತುಗಳಲ್ಲಿ ಬಹುಪಾಲು ಗಂಡಾಂತರಕ್ಕೆ ಸಿಕ್ಕಿದವು. ಅಳಿಸುವುದಕ್ಕೆ ದುಷ್ಟಬುದ್ಧಿ ಏನೂ ಬೇಕಿಲ್ಲ ಮಾರಾಯ್ರೆ, ಲೆಕ್ಕದ ಪುಸ್ತಕ ಸಾಕು. ಪರದೇಶಕ್ಕೆ ಮಾರಲು ಮಾಡಿದ 16 ಎಂಎಂ ಫಿಲ್ಮ್ ಪ್ರತಿಗಳಿಂದ ಕೆಲವು ಬದುಕಿದವು. ನೈಜೀರಿಯಾದ ಜೋಸ್‌ನಲ್ಲಿ ಸಿಕ್ಕ ಒಂಬತ್ತು ಕಂತು 2013ರಲ್ಲಿ ಹೊರಬಂದವು. ಆಮೇಲೂ 97 ಬಾಕಿ ಉಳಿದಿದ್ದವು. ಟ್ರೌಟನ್ನನ ಮೊದಲ ಕಥೆ, ಅಂದರೆ ವೇಷ ಬದಲಾದ ಕಥೆಯೇ, ಆರಕ್ಕೆ ಆರು ಕಂತೂ ಹೋಗಿದೆ.

ಈಗ ಕೇಳಿ. ಆ 97ರ ದೃಶ್ಯ ಹೋದರೂ ಧ್ವನಿ ಒಂದೂ ಹೋಗಿಲ್ಲ. ಉಳಿಸಿದ್ದು ಬಿಬಿಸಿ ಅಲ್ಲ, ಮನೆಮನೆಯ ಹುಡುಗರು. ಶನಿವಾರ ಸಂಜೆ ಟಿವಿಯ ಸ್ಪೀಕರಿನೆದುರು ಮೈಕು ಇಟ್ಟು, ಸುರುಳಿ ಟೇಪು ಓಡಿಸಿ, 25 ನಿಮಿಷ ಮನೆಯವರ ಬಾಯಿ ಮುಚ್ಚಿಸುವುದು! ಅಜ್ಜಿ ಕೆಮ್ಮಿದರೆ ಅದೂ ಡಾಕ್ಟರನ ಜೊತೆ ಅಜರಾಮರ. ಜಾಣರು ಸ್ಪೀಕರಿನಿಂದಲೇ ತಂತಿ ಎಳೆದರು. ಕೆಮ್ಮು ಬರುವುದಿಲ್ಲ, ಶಬ್ದ ಚೊಕ್ಕ. ಆದರೆ ಗಾಜಿನ ವಾಲ್ವುಗಳ ಆ ಹಳೇ ಟಿವಿಗಳಲ್ಲಿ ಒಳಗಿನ ಲೋಹದ ಚೌಕಟ್ಟಿಗೇ ಮನೆಯ ಕರೆಂಟು ಸೇರಿರುತ್ತಿತ್ತು. ನಡುವೆ ಟ್ರಾನ್ಸ್‌ಫಾರ್ಮರ್ ಇಡದೆ ಜೋಡಿಸಿದರೆ ಟೇಪ್ ರೆಕಾರ್ಡರ್ ಮುಟ್ಟಿದವನಿಗೆ ಶಾಕ್. ಬದುಕಿದರೂ ಟೇಪಿನಲ್ಲಿ 50 ಹರ್ಟ್ಸಿನ ಗುಂಯ್. ಟೇಪು ಉಳಿಸಲು ವೇಗ ಅರ್ಧಕ್ಕಿಳಿಸಿದರೆ ಸಕಾರ, ಷಕಾರ ಮಂಕು. ಇಷ್ಟೆಲ್ಲ ತೊಡಕಿನ ಟೇಪುಗಳ ಆಧಾರದಲ್ಲಿಯೇ 2016ರಲ್ಲಿ ಆ ಟ್ರೌಟನ್ ಕಥೆಗೆ ಹೊಸದಾಗಿ ಚಿತ್ರ ಬರೆದು ಅನಿಮೇಷನ್ ಮಾಡಿದರು. ಜಾನ್ ಕ್ಯೂರ ಎಂಬ ಛಾಯಾಗ್ರಾಹಕ ಟಿವಿ ಪರದೆಯ ಫೋಟೋ ಹೊಡೆದು ನಟರಿಗೆ, ನಿರ್ದೇಶಕರಿಗೆ ಮಾರುತ್ತಿದ್ದ. ಅವೂ ಆಸರೆಯಾದವು. ಹೊಟ್ಟೆಪಾಡಿನವನೂ ಕಾಪಿಟ್ಟ!

ಶಬ್ದದ ಮಾತು ಬಂತಲ್ಲ, ಇದೊಂದು ಹೇಳಿಬಿಡುತ್ತೇನೆ. ಆ ನೀಲಿ ಪೆಟ್ಟಿಗೆ ಹೊರಡುವಾಗಿನ ಉಬ್ಬಸದ ಸದ್ದು ಬ್ರಯನ್ ಹಾಜ್ಸನ್ ಮಾಡಿದ್ದು. ಹಳೇ ಪಿಯಾನೋದ ದಪ್ಪ ತಂತಿಗಳ ಮೇಲೆ ಮನೆಯ ಬೀಗದಕೈ ಎಳೆದು ಟೇಪು ಮಾಡಿ, ಅದನ್ನು ಉಲ್ಟಾ ಸುಲ್ಟಾ ಓಡಿಸಿದ್ದು, ಅಷ್ಟೆ. ಕಂಪ್ಯೂಟರ್ ಇಲ್ಲ, ಬೀಗದಕೈ. ಶೀರ್ಷಿಕೆ ಸಂಗೀತವನ್ನು ಡೀಲಿಯಾ ಡರ್ಬಿಶೈರ್ ಟೇಪು ಕತ್ತರಿಸಿ ಅಂಟಿಸಿ ಕಟ್ಟಿದ್ದು. ಅದರದ್ದೇ ಒಂದು ಉಪನ್ಯಾಸ ಮಾಡಬಹುದು... ಅಧ್ಯಕ್ಷರು ಚೀಟಿ ಕಳಿಸಿದರು. ಹತ್ತು ನಿಮಿಷ ಅಂತೆ. ಡಾಕ್ಟರನ ವೈರಿಗಳಾದ ಡಾಲೆಕ್‌ಗಳನ್ನು ಬಿಟ್ಟೆ, ಕ್ಷಮಿಸಿ.

ಇಲ್ಲಿ ಬಂದು ಇದನ್ನು ಹೇಳಿದ್ದು ಯಾಕೆ? ನಿಮ್ಮ ಅಟ್ಟದಲ್ಲಿ ಯಕ್ಷಗಾನದ ಆಟ, ತಾಳಮದ್ದಳೆ ಕೂಟಗಳ ಕ್ಯಾಸೆಟ್ ಉಂಟು. ಅರ್ಥಧಾರಿ ಶೇಣಿಯವರ ವಾಲಿಯನ್ನು ಯಾವ ಬಿಬಿಸಿ ಕಾಪಿಟ್ಟಿದೆ? ಹೆಳೆ ಬೇಡ, ಕೆಲಸ ಕೇಳಿ.

ಹೊರತೆಗೆದ ಕ್ಯಾಸೆಟನ್ನು ಕೂಡಲೇ ಓಡಿಸಬೇಡಿ. ಬೆಳಕಿಗೆ ಹಿಡಿದು ಸುರುಳಿಯ ಅಂಚು ನೋಡಿ. ಬಿಳಿ ಪುಡಿ ಕಂಡರೆ ಬೂಷ್ಟು. ನಮ್ಮ ಮಳೆಗಾಲದ ಪ್ರಸಾದ. ಹಾಗೇ ಹಾಕಿದರೆ ಹೆಡ್ಡಿಗೆ, ಅಂದರೆ ಪ್ಲೇಯರಿನಲ್ಲಿ ಟೇಪು ಓದುವ ತುಂಡಿಗೆ, ಹತ್ತಿ ಮುಂದಿನ ಒಳ್ಳೇ ಕ್ಯಾಸೆಟಿಗೂ ದಾಟುತ್ತದೆ. ಅಂಥದ್ದನ್ನು ಬೇರೆ ಇಡಿ. ಟೇಪಿನ ಹಿಂದಿನ ಪುಟ್ಟ ಫೆಲ್ಟು ಗಾದಿ ಉದುರಿದ್ದರೆ ಶಬ್ದ ಏರಿಳಿಯುತ್ತದೆ. ಐದು ಸ್ಕ್ರೂ ಇರುವ ಬೇರೆ ಚಿಪ್ಪಿಗೆ ಸುರುಳಿ ವರ್ಗಾಯಿಸಿ. ಚಕ್ರತಾಳ ಮಂಕಾಗಿ ಕೇಳಿದರೆ ಟೇಪು ಸತ್ತಿತೆಂದುಕೊಳ್ಳಬೇಡಿ. ರೆಕಾರ್ಡು ಮಾಡಿದ ಹೆಡ್ಡಿನ ಓರೆಗೂ ನಿಮ್ಮ ಪ್ಲೇಯರಿನ ಓರೆಗೂ ತಾಳೆಯಿಲ್ಲ, ಅಷ್ಟೆ. ಹೆಡ್ಡಿನ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ತಾಳ ‘ಕಿಣ್’ ಅಂದಲ್ಲಿ ನಿಲ್ಲಿಸಿ. 120 ನಿಮಿಷದ್ದು ತೀರ ತೆಳು, ಮುಂದೆ ಹಿಂದೆ ಓಡಿಸಿ ಆಟವಾಡಿದರೆ ಎಳೆದು ಹೋಗುತ್ತದೆ.

ಕಂಪ್ಯೂಟರಿಗೆ ಎಂಪಿ3 ಬೇಡ. ವೇವ್ ಕಡತ, 48 ಕಿಲೋಹರ್ಟ್ಸ್, 24 ಬಿಟ್. 90 ನಿಮಿಷದ ಕ್ಯಾಸೆಟಿಗೆ ಒಂದೂವರೆ ಜಿಬಿ. ಮೂರು ಪ್ರತಿ, ಒಂದು ಬೇರೆ ಮನೆಯಲ್ಲಿ. ಪ್ರಸಂಗ, ಊರು, ತಾರೀಕು, ಭಾಗವತರು, ಯಾರದು ಯಾವ ಅರ್ಥ, ಎಲ್ಲ ಬರೆಯಿರಿ. ಬರೀ ‘ಶೇಣಿ, ಫಸ್ಟ್‌ಕ್ಲಾಸ್’ ಅಂತ ಬರೆದಿಟ್ಟರೆ ಐವತ್ತು ವರ್ಷದ ಮೇಲೆ ಯಾರಿಗೂ ತಲೆಬುಡ ತಿಳಿಯದು.

ಮತ್ತೆ ಚೀಟಿ ಬಂತು. ಕಪ್ಪುಬಿಳುಪು ಪ್ರತಿಗೆ ಬಣ್ಣ ಮರಳಿಸುವ ವಿಧಾನ ಬಿಟ್ಟೆ. ಒಂದೇ ಒಂದು. ಕ್ಯಾಸೆಟಿನ ಮೇಲಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಟೇಪು ಕಾಣುವ ಅಂಚು ಕೆಳಗಾಗುವಂತೆ ಹಿಡಿದರೆ ಎಡಗಡೆಯದು ನಿಮ್ಮೆದುರಿನ ಮಗ್ಗುಲಿನದು. ಅದು ಇರುವವರೆಗೆ ಮೊಮ್ಮಗ ಕೆಂಪು ಗುಂಡಿ ಒತ್ತಿದರೆ ವಾಲಿಯ ಮೇಲೆ ಸಿನಿಮಾ ಹಾಡು ಬಂದು ಕೂರುತ್ತದೆ. ಪ್ಲೇಯರಿಗೆ ಹಾಕುವ ಮೊದಲು ಎರಡನ್ನೂ ಮುರಿಯಿರಿ.